ರೈತನ ಹೆಸರಿನಲ್ಲಿ ಬೆಳೆದ ಗಾಡಿ

ಅಮೆರಿಕದಲ್ಲಿ ಪಿಕಪ್ ಅಂದರೆ ನಮ್ಮ ಎಪಿಎಂಸಿಗೆ ಟೊಮೆಟೊ ಕ್ರೇಟ್ ಹೊತ್ತು ಬರುವ ಪಿಕಪ್ ಅಲ್ಲ. ಅಲ್ಲಿನ ‘ಫುಲ್ ಸೈಜ್’ ಪಿಕಪ್ಪಿನ ಉದ್ದ ಆರು ಮೀಟರಿನ ಆಸುಪಾಸು. ಬಾನೆಟ್ ದೊಡ್ಡವರ ಸೊಂಟಕ್ಕಿಂತ ಮೇಲಿರುತ್ತದೆ. ನಾಲ್ಕು ಬಾಗಿಲಿನ ಎಷ್ಟೋ ಮಾಡೆಲ್‌ಗಳಲ್ಲಿ ಸಾಮಾನು ಹಾಕುವ ಹಿಂಭಾಗಕ್ಕಿಂತ ಜನ ಕೂರುವ ಕ್ಯಾಬಿನ್ನೇ ದೊಡ್ಡದು. ಹೊಲದ ಕೆಲಸಕ್ಕೆಂದು ಹುಟ್ಟಿದ ಗಾಡಿ ಹೀಗೆ ಊದಿಕೊಂಡಿದ್ದು ಗಿರಾಕಿಗಳ ಆಸೆಯಿಂದ ಮಾತ್ರ ಅಲ್ಲ. ಇದರಲ್ಲಿ ಕಾನೂನಿನ ಕೈವಾಡ ದೊಡ್ಡದಿದೆ.

ಶುರುವಾಗಿದ್ದು ಸಣ್ಣದಾಗಿಯೇ. 1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿಗೆ ಹಿಂದೆ ಪುಟ್ಟ ಪೆಟ್ಟಿಗೆ ಜೋಡಿಸಿ 281 ಡಾಲರಿಗೆ ಮಾರಿತು. 1935ರಲ್ಲಿ ಷೆವರ್ಲೆ ಅರ್ಧ ಟನ್ ಟ್ರಕ್ಕಿನ ಚಾಸಿಗೆ ಮುಚ್ಚಿದ ಬಾಡಿ ಕಟ್ಟಿ ಎಂಟು ಜನ ಕೂರುವ ‘ಸಬರ್ಬನ್’ ತಂದಿತು. ಇಂದಿನ ಎಸ್‌ಯುವಿಗಳ ಅಜ್ಜ ಅದು.

ಮೊದಲ ತಿರುವು ಕೊಟ್ಟಿದ್ದು ಕೋಳಿ! ಅಮೆರಿಕದ ಅಗ್ಗದ ಕೋಳಿಮಾಂಸ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ನುಗ್ಗಿದಾಗ ಯುರೋಪಿನ ದೇಶಗಳು ಅದರ ಮೇಲೆ ಸುಂಕ ಏರಿಸಿದವು. ಸಿಟ್ಟಿಗೆದ್ದ ಅಮೆರಿಕ ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂಡಿ, ಲಘು ಟ್ರಕ್ ಈ ನಾಲ್ಕರ ಮೇಲೆ ಹೆಚ್ಚುವರಿ ಸುಂಕ ಹೇರಿತು. 1964ರ ಜನವರಿಯಿಂದ ಜಾರಿಗೆ ಬಂದ ಈ ಆದೇಶದಲ್ಲಿ ಲಘು ಟ್ರಕ್ಕಿಗೆ ಬಿದ್ದಿದ್ದು 25%. ಏಟು ಬಿದ್ದದ್ದು ಫೋಕ್ಸ್‌ವ್ಯಾಗನ್‌ಗೆ. ಮುಂದೆ ಉಳಿದ ಸುಂಕಗಳು ಹೋದವು, ಟ್ರಕ್ಕಿನದು ಮಾತ್ರ ದಶಕಗಳ ಕಾಲ ಉಳಿಯಿತು. ಡೆಟ್ರಾಯಿಟ್‌ನ ಕಂಪನಿಗಳಿಗೆ ದೊಡ್ಡ ಪಿಕಪ್ಪಿನಲ್ಲಿ ಬಹುಕಾಲ ಹೊರಗಿನ ಪೈಪೋಟಿಯೇ ಇರಲಿಲ್ಲ.

ಅಮೆರಿಕದವರು ಗಾಡಿಯ ವಯಸ್ಸನ್ನು ಮಾಡೆಲ್ ವರ್ಷದಿಂದ ಎಣಿಸುತ್ತಾರೆ. ಮುಂದಿನ ವರ್ಷದ ಮಾಡೆಲ್ ಹಿಂದಿನ ವರ್ಷದ ಕೊನೆಗೇ ಶೋರೂಮಿಗೆ ಬಂದಿರುತ್ತದೆ. ಹಾಗೆ ನೋಡಿದರೆ ಈ ಕಥೆಯಲ್ಲಿ ಮುಖ್ಯವಾದದ್ದು 1975ರ ಮಾಡೆಲ್. ಆ ವರ್ಷದಿಂದ ಹೊಗೆಯ ನಿಯಮ ಬಿಗಿಯಾಯಿತು. ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಅದಕ್ಕೆ ಸೀಸ ಬೆರೆಸದ ಪೆಟ್ರೋಲೇ ಬೇಕಾಯಿತು. ಹೊರೆ ಸೇರಿ ಒಟ್ಟು ತೂಕ 6,000 ಪೌಂಡ್, ಅಂದರೆ ಸುಮಾರು 2,720 ಕಿಲೋ ಮೀರಿದ ಟ್ರಕ್ಕುಗಳಿಗೆ ಈ ಬಿಗಿ ಇರಲಿಲ್ಲ. ಫೋರ್ಡ್ ಮಾಡಿದ್ದೇನು? ಎಫ್-100 ಪಿಕಪ್ ಪಕ್ಕದಲ್ಲೇ ಆ ಗೆರೆಯನ್ನು ಸ್ವಲ್ಪವೇ ದಾಟುವ ಎಫ್-150 ನಿಲ್ಲಿಸಿತು. ಅಮೆರಿಕದ ಅತಿ ಪ್ರಸಿದ್ಧ ಪಿಕಪ್ ಹುಟ್ಟಿದ್ದು ಹೀಗೆ, ನಿಯಮ ತಪ್ಪಿಸಿಕೊಳ್ಳಲು. 1977ರಿಂದ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಫೋರ್ಡಿನ ಎಫ್ ಸರಣಿಯೇ.

1973ರ ತೈಲ ಬಿಕ್ಕಟ್ಟಿನ ನಂತರ ಬಂದ ಮೈಲೇಜ್ ಕಾನೂನಿನ ಕಥೆಯೂ ಇದೇ. 1975ರಲ್ಲಿ ಸಂಸತ್ತು ಒಪ್ಪಿದ ಈ ಕಾನೂನಿನ ಪ್ರಕಾರ 1985ರ ಮಾಡೆಲ್ ಹೊತ್ತಿಗೆ ಕಾರುಗಳ ಸರಾಸರಿ ಲೀಟರಿಗೆ ಸುಮಾರು 11.7 ಕಿ.ಮೀ. ಮುಟ್ಟಬೇಕಿತ್ತು. ರೈತರು, ಬಡಗಿಗಳು, ಗಾರೆಯವರು ದುಡಿಸುವ ಗಾಡಿ ಎಂದು ಲಘು ಟ್ರಕ್ಕಿಗೆ ಬೇರೆ, ಸಡಿಲ ಲೆಕ್ಕ. 1990ರ ದಶಕದ ಕೊನೆಯಲ್ಲೂ ಅದು 8.8 ಕಿ.ಮೀ. ಇತ್ತು. 8,500 ಪೌಂಡ್ ಮೀರಿದರೆ ಆಗ ಲೆಕ್ಕವೇ ಇರಲಿಲ್ಲ. ನಾಲ್ಕು ಚಕ್ರಕ್ಕೂ ಎಳೆತ, ನೆಲದಿಂದ ಸಾಕಷ್ಟು ಎತ್ತರ ಇದ್ದರೆ ಎಸ್‌ಯುವಿಯೂ ‘ಟ್ರಕ್’ ಪಟ್ಟಿಗೆ ಸೇರುತ್ತಿತ್ತು. 2001ರ ಮಾಡೆಲ್‌ನ ಪಿಟಿ ಕ್ರೂಸರ್ ಎಂಬ ಮುದ್ದು ಕಾರು ಕೂಡ ಹಿಂದಿನ ಸೀಟು ಕಿತ್ತರೆ ಸಾಮಾನು ಹಾಕಬಹುದು ಎಂಬ ಆಧಾರದ ಮೇಲೆ ಟ್ರಕ್ ಎನ್ನಿಸಿಕೊಂಡಿತು. 2000ದ ಮಾಡೆಲ್ ಆಗಿ ಬಂದ ಫೋರ್ಡ್ ಎಕ್ಸ್‌ಕರ್ಷನ್ 8,500ರ ಗೆರೆಯನ್ನೇ ದಾಟಿತ್ತು. ಅಲಾಸ್ಕದಲ್ಲಿ ಎಣ್ಣೆ ಚೆಲ್ಲಿದ ಹಡಗನ್ನು ನೆನಪಿಸಿ ಪರಿಸರದವರು ಅದನ್ನು ‘ಫೋರ್ಡ್ ವಾಲ್ಡೆಜ್’ ಎಂದು ಗೇಲಿ ಮಾಡಿದರು.

ತೆರಿಗೆಯಲ್ಲೂ ಅದೇ. ದುಬಾರಿ ಕಾರನ್ನು ವ್ಯಾಪಾರದ ಖರ್ಚೆಂದು ತೋರಿಸುವುದಕ್ಕೆ 1984ರಲ್ಲಿ ಮಿತಿ ಹಾಕಿದಾಗ 6,000 ಪೌಂಡ್ ಮೀರಿದ ಗಾಡಿಗಳನ್ನು ಹೊರಗಿಟ್ಟರು. 2003ರಲ್ಲಿ ಸಣ್ಣ ವ್ಯಾಪಾರಿಗಳು ಕೊಂಡ ವರ್ಷವೇ ಖರ್ಚು ಹಾಕಬಹುದಾದ ಮೊತ್ತ ಒಂದು ಲಕ್ಷ ಡಾಲರಿಗೆ ಏರಿತು. ಹಮ್ಮರ್ ಎಚ್2 ಕೊಂಡ ಡಾಕ್ಟರು, ರಿಯಲ್ ಎಸ್ಟೇಟಿನವರಿಗೂ ಇದು ಸಿಕ್ಕಿತು. ಗುಲ್ಲೆದ್ದ ಮೇಲೆ 2004ರಲ್ಲಿ ಎಸ್‌ಯುವಿಗಳಿಗೆ 25,000ಕ್ಕೆ ಇಳಿಸಿದರು. ತಾಲ್ಲೂಕು ಕಚೇರಿ ಸುತ್ತುವ ನಮಗೆ ಇದೇನು ಹೊಸದಲ್ಲ. ‘ರೈತರಿಗಾಗಿ’ ಎಂದು ಹೊರಟ ರಿಯಾಯಿತಿ ಕೊನೆಗೆ ಯಾರ ಮನೆ ಸೇರಿತು ಎಂದು ಹುಡುಕುವುದೇ ಅರ್ಧ ವರದಿಗಾರಿಕೆ.

ಮುಂದೆ ಮೈಲೇಜ್ ಗುರಿಯನ್ನು ಚಕ್ರಗಳ ನಡುವಿನ ವಿಸ್ತೀರ್ಣಕ್ಕೆ ಕಟ್ಟಿದರು. ಗಾಡಿ ದೊಡ್ಡದಾದಷ್ಟೂ ಗುರಿ ಸುಲಭ. ಸಣ್ಣ ಗಾಡಿ ಮಾಡಲು ಇದ್ದ ಒತ್ತಡ ಇದರಿಂದ ಇನ್ನಷ್ಟು ತಗ್ಗಿತು.

ಇದರ ಬೆಲೆಯನ್ನು ರಸ್ತೆಯಲ್ಲಿ ನಡೆಯುವವರೂ ತೆರುತ್ತಿದ್ದಾರೆ. 2009ರಲ್ಲಿ ಅಮೆರಿಕದಲ್ಲಿ ಸತ್ತ ಪಾದಚಾರಿಗಳು 4,109. 2022ರಲ್ಲಿ 7,500ಕ್ಕೂ ಹೆಚ್ಚು. ಕತ್ತಲು, ವೇಗ, ಅಗಲ ರಸ್ತೆ ಎಲ್ಲವೂ ಕಾರಣವೇ. ಆದರೆ ಅಲ್ಲಿನ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 30 ಇಂಚಿನೊಳಗಿನ ಇಳಿಜಾರು ಮೂತಿಯ ಗಾಡಿಗೆ ಹೋಲಿಸಿದರೆ, ಬಾನೆಟ್ 40 ಇಂಚಿಗಿಂತ ಎತ್ತರವಿರುವ ಗಾಡಿ ಗುದ್ದಿದಾಗ ಪಾದಚಾರಿ ಸಾಯುವ ಸಾಧ್ಯತೆ ಸುಮಾರು 45% ಹೆಚ್ಚು. ಗುದ್ದಿದಾಗ ಪಾದಚಾರಿಯ ತಲೆಗೆ ಬೀಳುವ ಪೆಟ್ಟಿಗೆ ಮಿತಿ ಹಾಕುವ ಕರಡು ನಿಯಮವನ್ನು ಅಮೆರಿಕ ಸರ್ಕಾರ ಮುಂದಿಟ್ಟಿದ್ದು 2024ರ ಸೆಪ್ಟೆಂಬರಿನಲ್ಲಿ.