ಕೋನಿ ಐಲೆಂಡಿನ ಮೂರು ದೀಪನಗರಗಳು

ನ್ಯೂಯಾರ್ಕ್ ಮಹಾನಗರದ ದಕ್ಷಿಣದಂಚಿನಲ್ಲಿ, ಬ್ರೂಕ್ಲಿನ್ನಿಗೆ ಹೊಂದಿಕೊಂಡು ಅಟ್ಲಾಂಟಿಕ್ ಸಮುದ್ರಕ್ಕೆ ಅಭಿಮುಖವಾಗಿರುವ ಕೋನಿ ಐಲೆಂಡ್ ಎಂಬ ಮರಳುನೆಲದ ಮೇಲೆ, 1904ರಿಂದ 1911ರ ವರೆಗೆ, ಸ್ಟೀಪಲ್‌ಚೇಸ್, ಲೂನಾ ಪಾರ್ಕ್, ಡ್ರೀಮ್‌ಲ್ಯಾಂಡ್ ಎಂಬ ಮೂರು ವಿನೋದೋದ್ಯಾನಗಳು ಪರಸ್ಪರ ಕೂಗಳತೆಯ ದೂರದಲ್ಲಿ ನಿಂತು ಒಂದೇ ಜನಸಮುದಾಯದ ಪ್ರೀತಿಗಾಗಿ ಸೆಣಸಿದವು. ರಾಜ್ಯಗಳ ಏಳುಬೀಳುಗಳನ್ನು ಬರೆಯುವ ಚರಿತ್ರಕಾರರು ಇಂಥ ಸೆಣಸಾಟವನ್ನು ಗಣನೆಗೆ ತಂದುಕೊಳ್ಳದಿರಬಹುದು. ಆದರೆ ವಾರವೆಲ್ಲ ಹೊಲಿಗೆಯ ಕಾರ್ಖಾನೆಗಳಲ್ಲೂ ಹಡಗುಕಟ್ಟೆಗಳಲ್ಲೂ ಬೆವರು ಸುರಿಸಿ, ರಜೆಯ ಒಂದು ದಿನ ಗಾಳಿಬೆಳಕಿಲ್ಲದ ಬಾಡಿಗೆ ಕೋಣೆಗಳಿಂದ ಬಿಡಿಸಿಕೊಂಡು ಕಡಲತೀರಕ್ಕೆ ಧಾವಿಸುತ್ತಿದ್ದ ಶ್ರಮಜೀವಿಗಳು ತಮ್ಮ ಚಿಲ್ಲರೆ ಕಾಸನ್ನು ಈ ಮೂರು ಹೆಬ್ಬಾಗಿಲುಗಳಲ್ಲಿ ಯಾವುದರ ಮುಂದೆ ಎಣಿಸಿಕೊಟ್ಟರು, ಏತಕ್ಕಾಗಿ ಕೊಟ್ಟರು ಎಂಬುದು, ಮನುಷ್ಯನು ಸಂತೋಷವೆಂದು ಯಾವುದನ್ನು ಬಗೆಯುತ್ತಾನೆಂದು ತಿಳಿಯಬಯಸುವವರಿಗೆ ಅಮೂಲ್ಯವಾದ ಸಾಕ್ಷ್ಯವೆಂದೇ ನಾನು ನಂಬಿದ್ದೇನೆ.

ಈ ಕಥೆಯ ಮೊದಲ ನಾಯಕನು ಜಾರ್ಜ್ ಟಿಲ್ಯು. 1862ರಲ್ಲಿ ಜನಿಸಿದ ಈತನು ಆ ಮರಳಿನ ಮೇಲೆಯೇ ಬೆಳೆದವನು. ತಂದೆಯು ಅಲ್ಲಿ ಸಮುದ್ರಸ್ನಾನಕ್ಕೆ ಬರುವವರಿಗಾಗಿ ವಸತಿಗೃಹವೊಂದನ್ನು ನಡೆಸುತ್ತಿದ್ದನು. ಆ ಕಾಲದ ಕೋನಿ ಐಲೆಂಡು ಜಾನ್ ಮೆಕೇನ್ ಎಂಬ ಅಧಿಕಾರಿಯ ಮುಷ್ಟಿಯಲ್ಲಿದ್ದು, ಜೂಜುಕಟ್ಟೆಗಳಿಗೂ ವೇಶ್ಯಾಗೃಹಗಳಿಗೂ ಕುಖ್ಯಾತವಾಗಿತ್ತು. 1887ರಲ್ಲಿ ಸರ್ಕಾರದ ವಿಚಾರಣಾ ಸಮಿತಿಯೊಂದರ ಮುಂದೆ ಮೆಕೇನನ ವಿರುದ್ಧ ಬಾಯಿಬಿಟ್ಟು ಸಾಕ್ಷಿ ಹೇಳುವ ಧೈರ್ಯವನ್ನು ಯುವಕ ಟಿಲ್ಯು ತೋರಿಸಿದನು. ಅದರ ದಂಡವನ್ನು ಇಡೀ ಕುಟುಂಬವು ತೆರಬೇಕಾಯಿತು. 1894ರಲ್ಲಿ ಮೆಕೇನನು ಸೆರೆಮನೆಗೆ ಹೋದ ಮೇಲೆಯೇ ಟಿಲ್ಯುವಿಗೆ ತಲೆಯೆತ್ತಲು ಅವಕಾಶ ದೊರೆಯಿತು. ಹೆಂಗಸರು ಮಕ್ಕಳು ನಿರ್ಭಯವಾಗಿ ಬಂದುಹೋಗಬಹುದಾದ ವಿಹಾರಸ್ಥಾನವೊಂದು ಆ ತೀರದಲ್ಲಿ ಇರಬೇಕೆಂಬ ಅವನ ಹಂಬಲಕ್ಕೆ ಈ ಹಳೆಯ ಗಾಯವೂ ಒಂದು ಕಾರಣವಾಗಿದ್ದಿರಬೇಕು.

1893ರಲ್ಲಿ ಶಿಕಾಗೋ ನಗರದ ವಿಶ್ವಪ್ರದರ್ಶನದಲ್ಲಿ ಫೆರಿಸನ ಮಹಾಚಕ್ರವನ್ನು ನವವಧುವಿನೊಡನೆ ಕಂಡ ಟಿಲ್ಯು ಅದನ್ನು ಕೊಂಡುಕೊಳ್ಳಲು ಹವಣಿಸಿದನು. ಅದು ದಕ್ಕದಿರಲು, ಅದರ ಅರ್ಧದಷ್ಟು ಗಾತ್ರದ ಚಕ್ರವೊಂದನ್ನು ಮಾಡಿಸಲು ಹೇಳಿ, ಜಗತ್ತಿನಲ್ಲಿಯೇ ಅತ್ಯಂತ ದೊಡ್ಡ ಚಕ್ರವು ಇಲ್ಲಿ ಏಳಲಿದೆಯೆಂಬ ಫಲಕವನ್ನು ಊರಿಗೆ ಬಂದು ನೆಟ್ಟನು. 1895ರಲ್ಲಿ ಪಾಲ್ ಬಾಯ್ಟನ್ ಎಂಬ ಈಜುಗಾರನು ಅಲ್ಲಿಯೇ ಸೀ ಲಯನ್ ಪಾರ್ಕ್ ಎಂಬ ಆವರಣವನ್ನು ಕಟ್ಟಿ, ಸುತ್ತಲೂ ಬೇಲಿ ಹಾಕಿ, ಒಳಬರುವವರಿಂದ ಬಾಗಿಲಲ್ಲಿಯೇ ಹಣ ಪಡೆಯುವ ಪದ್ಧತಿಯನ್ನು ತಂದನು. ಬೇಲಿ ಬಿದ್ದೊಡನೆ ಕಳ್ಳಕಾಕರು ಹೊರಗುಳಿದರು, ಸಂಸಾರವಂದಿಗರು ಒಳಬಂದರು. ಟಿಲ್ಯು ಈ ಉಪಾಯದ ಬೆಲೆಯನ್ನು ಕೂಡಲೇ ಅರಿತನು. 1897ರಲ್ಲಿ ಅವನು ತೆರೆದ ಸ್ಟೀಪಲ್‌ಚೇಸ್ ಪಾರ್ಕಿನಲ್ಲಿ ಕಬ್ಬಿಣದ ಹಳಿಗಳ ಮೇಲೆ ಮರದ ಕುದುರೆಗಳು ಇಳಿಜಾರಿನ ವೇಗದಿಂದಲೇ ಓಡುತ್ತಿದ್ದವು. ಒಂದೊಂದು ಕುದುರೆಯ ಮೇಲೂ ಇಬ್ಬರು, ಸಾಮಾನ್ಯವಾಗಿ ಒಬ್ಬ ತರುಣ ಮತ್ತು ಒಬ್ಬ ತರುಣಿ, ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು ಕೂರಬೇಕಾಗುತ್ತಿತ್ತು. ಸಾರ್ವಜನಿಕವಾಗಿ ಕೈಹಿಡಿದು ನಡೆಯುವುದಕ್ಕೂ ಅಂಜುತ್ತಿದ್ದ ಒಂದು ಸಮಾಜದಲ್ಲಿ ಈ ಬಿಗಿಹಿಡಿತಕ್ಕೆ ಇದ್ದ ಆಕರ್ಷಣೆಯನ್ನು ವಿವರಿಸಬೇಕಾಗಿಲ್ಲ.

ಆದರೆ ಟಿಲ್ಯುವಿನ ನಿಜವಾದ ಪ್ರತಿಭೆಯು ಕುದುರೆಯಿಂದ ಇಳಿದ ಮೇಲೆ ಪ್ರಕಟವಾಗುತ್ತಿತ್ತು. ಸವಾರರು ಹೊರಗೆ ಹೋಗುವ ದಾರಿಯು ಒಂದು ಸಣ್ಣ ರಂಗಸ್ಥಳದ ಮೇಲೆ ಹಾಯುತ್ತಿತ್ತು; ಅಲ್ಲಿ ನೆಲದೊಳಗಿಂದ ಥಟ್ಟನೆ ಚಿಮ್ಮುವ ಗಾಳಿಯು ಹೆಂಗಸರ ಲಂಗಗಳನ್ನು ಹಾರಿಸುತ್ತಿತ್ತು, ಗಂಡಸರ ಟೋಪಿಗಳನ್ನು ಕಿತ್ತೊಯ್ಯುತ್ತಿತ್ತು, ವಿದೂಷಕನೊಬ್ಬನು ಹಿಂದಿನಿಂದ ಬಂದು ವಿದ್ಯುತ್ತಿನ ಕೋಲಿನಿಂದ ಚುರುಕ್ಕೆನ್ನಿಸುತ್ತಿದ್ದನು. ಕಂಗಾಲಾಗಿ ಪಾರಾದವರು ತಿರುಗಿ ನೋಡಿದರೆ ಎದುರಿಗೆ ಪ್ರೇಕ್ಷಕರ ಪಂಕ್ತಿಗಳು, ಆ ಪಂಕ್ತಿಗಳಲ್ಲಿ ಕುಳಿತು ನಗುತ್ತಿದ್ದವರೋ ಕ್ಷಣಕಾಲದ ಹಿಂದೆ ಇದೇ ಅವಸ್ಥೆಗೆ ಒಳಗಾಗಿದ್ದವರು! ಈಗ ಪಾರಾಗಿ ಬಂದವರೂ ಅವರ ಪಕ್ಕದಲ್ಲಿ ಕುಳಿತು, ಮುಂದೆ ಬರುವವರನ್ನು ಕಂಡು ನಗಲು ಅಣಿಯಾಗುತ್ತಿದ್ದರು. ನಗೆಪಾಟಲಾಗುವ ಸರದಿಯೂ ನಗುವ ಸರದಿಯೂ ಪ್ರತಿಯೊಬ್ಬನಿಗೂ ಸಮನಾಗಿ ಹಂಚಲ್ಪಟ್ಟ ಈ ರಂಗಸ್ಥಳದ ಔಚಿತ್ಯವನ್ನು ಕುರಿತು ಆ ಕಾಲದ ಶಿಷ್ಟರು ಹುಬ್ಬುಗಂಟಿಕ್ಕಿದುದುಂಟು. ಹೆಂಗಸರ ಮಾನವನ್ನು ಕುರಿತ ಅವರ ಆಕ್ಷೇಪವನ್ನು ನಾನೂ ತಳ್ಳಿಹಾಕಲಾರೆ. ಆದರೂ ಜನರಿಗೆ ತೋರಿಸುವುದಕ್ಕೆ ಜನರಿಗಿಂತ ದೊಡ್ಡ ವಿನೋದವಿಲ್ಲವೆಂಬುದನ್ನು ಟಿಲ್ಯುವಿನಷ್ಟು ಚೆನ್ನಾಗಿ ಅರಿತವರು ಆ ತೀರದಲ್ಲಿ ಮತ್ತೊಬ್ಬರಿರಲಿಲ್ಲ.

ಅವನ ಪ್ರತಿಸ್ಪರ್ಧಿಗಳು ಹುಟ್ಟಿದ್ದು ಅವನ ಅಂಗಳದಲ್ಲಿಯೇ. 1901ರಲ್ಲಿ ಬಫಲೋ ನಗರದ ಪ್ರದರ್ಶನದಲ್ಲಿ ‘ಚಂದ್ರಲೋಕ ಯಾತ್ರೆ’ ಎಂಬ ವಿಚಿತ್ರ ದೃಶ್ಯವನ್ನು ಕಂಡು ಬೆರಗಾದ ಟಿಲ್ಯು, ಅದರ ಕರ್ತೃಗಳಾದ ಫ್ರೆಡರಿಕ್ ಥಾಂಪ್ಸನ್ ಮತ್ತು ಎಲ್ಮರ್ ಡಂಡಿ ಎಂಬಿಬ್ಬರನ್ನು ಮರುವರ್ಷದ ಬೇಸಗೆಗೆ ತನ್ನಲ್ಲಿಗೆ ಬರಮಾಡಿಕೊಂಡನು. ರೆಕ್ಕೆ ಬಡಿಯುವ ನೌಕೆಯೊಂದರಲ್ಲಿ ಕುಳಿತ ಯಾತ್ರಿಕರು ನಯಾಗರ ಜಲಪಾತವೂ ಭೂಗೋಳವೂ ಕೆಳಕೆಳಗೆ ಸರಿದು ಮರೆಯಾಗುವುದನ್ನು ಕಂಡು, ಚಂದ್ರನಲ್ಲಿ ಇಳಿದು, ಅಲ್ಲಿಯ ಗಿಡ್ಡ ನಿವಾಸಿಗಳಿಂದ ಹಸಿರು ಚೀಸಿನ ತುಣುಕುಗಳನ್ನು ಉಪಚಾರವಾಗಿ ಪಡೆದು ಹಿಂದಿರುಗುತ್ತಿದ್ದರು. 1902ರ ಬೇಸಗೆಯು ಮಳೆಯಿಂದ ಕೆಟ್ಟಿತು. ಬಾಯ್ಟನನು ತನ್ನ ಉದ್ಯಾನವನ್ನು ಬಿಟ್ಟುಕೊಡುವಷ್ಟು ನಷ್ಟಕ್ಕೆ ಗುರಿಯಾದನು. ಮುಂದಿನ ವರ್ಷದ ಲಾಭದ ಪಾಲನ್ನು ತಗ್ಗಿಸಬೇಕೆಂದು ಟಿಲ್ಯು ಸೂಚಿಸಿದಾಗ ಥಾಂಪ್ಸನ್ ಮತ್ತು ಡಂಡಿ ಒಪ್ಪದೆ, ಚಂದ್ರಲೋಕವನ್ನು ಕಿತ್ತುಕೊಂಡು ಹೊರನಡೆದು, ಬಾಯ್ಟನನ ಸ್ಥಳವನ್ನೇ ಗುತ್ತಿಗೆಗೆ ಹಿಡಿದರು. ಟಿಲ್ಯು ಆ ಬೇಸಗೆಯ ಮಳೆಯನ್ನು ಮರೆಯಲಿಲ್ಲವೆಂಬುದು ಮುಂದೆ ತಿಳಿಯುತ್ತದೆ.

ಅವರು ಅಲ್ಲಿ ಕಟ್ಟತೊಡಗಿದ ಲೂನಾ ಪಾರ್ಕ್ ಎಂಬ ಹೊಸ ಉದ್ಯಾನದ ಬುನಾದಿಯಲ್ಲಿ ಒಂದು ಕ್ರೌರ್ಯವೂ ಸೇರಿಹೋಗಿದೆ. 1903ರ ಜನವರಿ 4ರಂದು, ಕಟ್ಟಡಗಳಿನ್ನೂ ಏಳುತ್ತಿದ್ದ ಆ ನಿವೇಶನದಲ್ಲಿ, ಹಿಂದೊಮ್ಮೆ ತನ್ನನ್ನು ಪೀಡಿಸಿದ ಮನುಷ್ಯನನ್ನು ಕೊಂದಿದ್ದ ಟಾಪ್ಸಿ ಎಂಬ ಏಷ್ಯಾದ ಹೆಣ್ಣಾನೆಯನ್ನು ವಿಷ, ಉರುಲು, ವಿದ್ಯುತ್ತುಗಳಿಂದ ಆಹ್ವಾನಿತರ ಸಮಕ್ಷಮದಲ್ಲಿ ಸಾಯಿಸಿದರು. ಎಡಿಸನ್ ಕಂಪನಿಯವರು ಅದರ ಚಲಚ್ಚಿತ್ರವನ್ನೂ ತೆಗೆದರು. ಪ್ರಚಾರದ ಲೋಭವು ಮನುಷ್ಯನನ್ನು ಎಷ್ಟು ಕೆಳಕ್ಕೆ ಇಳಿಸಬಲ್ಲುದೆಂಬುದಕ್ಕೆ ಇದು ಸಾಕ್ಷಿಯಾಗಿ ಉಳಿದಿದೆ. ಲೂನಾ ಪಾರ್ಕಿನ ಸೊಬಗನ್ನು ಕೊಂಡಾಡುವವರು ಮೊದಲು ಇದನ್ನು ನೆನೆಯಬೇಕು.

ಆ ಸೊಬಗಾದರೋ ಅಸಾಧಾರಣವಾಗಿತ್ತು. ಮೇ 16ರ ಸಂಜೆ ಕತ್ತಲು ಕವಿದಾಗ ಬಾಗಿಲುಗಳನ್ನು ತೆರೆದರು. ಎರಡೂವರೆ ಲಕ್ಷ ವಿದ್ಯುದ್ದೀಪಗಳು ಗೋಪುರ, ಮಿನಾರ್, ಕಮಾನು, ಗುಮ್ಮಟಗಳ ರೇಖೆಗಳನ್ನೆಲ್ಲ ಬೆಂಕಿಯಿಂದ ಬರೆದಂತೆ ಕತ್ತಲಿನ ಮೇಲೆ ಮೂಡಿಸಿದವು. ತಮ್ಮ ಮನೆಗಳಲ್ಲಿ ಸೀಮೆಎಣ್ಣೆಯ ಬುಡ್ಡಿಯನ್ನೋ ಅನಿಲದೀಪವನ್ನೋ ಉರಿಸುತ್ತಿದ್ದ ಅಸಂಖ್ಯಾತ ಪ್ರೇಕ್ಷಕರಿಗೆ ಆ ಪ್ರಕಾಶವೇ ಒಂದು ದೇಶಾಂತರಯಾತ್ರೆಯಾಯಿತು. ವಾಸ್ತುಶಿಲ್ಪದಲ್ಲಿ ಕೈಪಳಗಿಸಿಕೊಂಡಿದ್ದ ಥಾಂಪ್ಸನನು ಯಾವ ಶಾಸ್ತ್ರಕ್ಕೂ ಕಟ್ಟುಬೀಳದೆ ಎಲ್ಲ ದೇಶಗಳ ಆಕಾರಗಳನ್ನೂ ಬೆರೆಸಿದನು. ಪ್ರತಿ ವರ್ಷವೂ ಹೊಸ ಗೋಪುರಗಳನ್ನು ಸೇರಿಸಿದನು. ವಿಹಾರಕ್ಕೆ ಬಂದವರು ಗಂಭೀರವಾದುದೇನನ್ನೂ ಬಯಸುವುದಿಲ್ಲವೆಂಬುದು ಅವನ ಸಿದ್ಧಾಂತ. 1904ರಲ್ಲಿ, ಹಿಂದಿನ ವರ್ಷ ನಮ್ಮ ದಿಲ್ಲಿಯಲ್ಲಿ ನಡೆದಿದ್ದ ದರ್ಬಾರನ್ನು ಆನೆಗಳೊಡನೆ, ಭಾರತದಿಂದ ಕರೆತಂದ ಜನರೊಡನೆ ಅಲ್ಲಿ ಮೆರೆಯಿಸಿದರು. ಪರಾಧೀನ ದೇಶವೊಂದರ ಮಕ್ಕಳು ಪರದೇಶದ ಸಂತೆಯಲ್ಲಿ ದೃಶ್ಯವಸ್ತುಗಳಾಗಿ ನಿಂತುದನ್ನು ನೆನೆದಾಗ ಆ ದೀಪಾವಳಿಯ ಕಾಂತಿಯು ನನಗೆ ಮಸಕಾಗಿಯೇ ಕಾಣುತ್ತದೆ.

ಲೂನಾ ಪಾರ್ಕಿನ ಗೆಲುವನ್ನು ಕಂಡು ಕರುಬಿದವನು ವಿಲಿಯಂ ರೆನಾಲ್ಡ್ಸ್. ರಾಜಕಾರಣಿ, ಭೂಮಿಯ ವ್ಯಾಪಾರಿ. 1904ರ ಮೇ ತಿಂಗಳಿನಲ್ಲಿ, ಸುಮಾರು 35 ಲಕ್ಷ ಡಾಲರುಗಳ ವೆಚ್ಚದಲ್ಲಿ, ಲೂನಾ ಪಾರ್ಕಿನಿಂದ ರಸ್ತೆ ದಾಟಿದರೆ ಸಿಗುವಷ್ಟು ಹತ್ತಿರದಲ್ಲಿ, ಕಡಲಿಗೆ ತಾಗಿದಂತೆ ಡ್ರೀಮ್‌ಲ್ಯಾಂಡ್ ತಲೆಯೆತ್ತಿತು. ಅವನ ನೀತಿ ಸರಳವಾಗಿತ್ತು: ನೆರೆಯವನಲ್ಲಿರುವುದೆಲ್ಲವೂ ತನ್ನಲ್ಲಿ ಇಮ್ಮಡಿಯಾಗಿ, ಮುಮ್ಮಡಿಯಾಗಿ ಇರಬೇಕು. ಅಲ್ಲಿ ಎರಡೂವರೆ ಲಕ್ಷ ದೀಪಗಳಿದ್ದರೆ ಇಲ್ಲಿ ಹತ್ತು ಲಕ್ಷ. ಅಲ್ಲಿ ನೀರಿಗೆ ಜಾರುವ ದೋಣಿಯ ಇಳಿಜಾರು ಒಂದಾದರೆ ಇಲ್ಲಿ ಎರಡು. ನಡುವೆ ಸ್ಪೇನ್ ದೇಶದ ಸೆವಿಲ್ ನಗರದ ಗೋಪುರವನ್ನು ಹೋಲುವ 375 ಅಡಿಯ ಸ್ತಂಭ. ಕಟ್ಟಡಗಳಿಗೆಲ್ಲ ಅಚ್ಚ ಬಿಳಿಯ ಬಣ್ಣ. ಲೂನಾದಲ್ಲಿ ಕಟ್ಟಡಕ್ಕೆ ಬೆಂಕಿಯಿಟ್ಟು ಆರಿಸುವ ಪ್ರದರ್ಶನವಿದ್ದಂತೆ ಡ್ರೀಮ್‌ಲ್ಯಾಂಡಿನಲ್ಲೂ ಅದೇ ಇತ್ತು. ಹೆಬ್ಬಾಗಿಲಲ್ಲಿ ಸೃಷ್ಟಿಯ ಕಥೆ, ಒಳಗೆ ಪಾಂಪೇ ನಗರದ ವಿನಾಶ, ಪಾಪಿಗಳಿಗಾಗಿ ನರಕ. ಹೀಗೆ ಉಪದೇಶವನ್ನೂ ಉಲ್ಲಾಸವನ್ನೂ ಒಂದೇ ಟಿಕೆಟ್ಟಿನಲ್ಲಿ ಕೊಡಲು ಅವನು ಹೊರಟಿದ್ದನು.

ಈ ಸ್ಪರ್ಧೆಯ ನಡುವೆ ಸ್ಪರ್ಧೆಗೆ ಹೊರತಾಗಿ ನಿಂತವನು ಮಾರ್ಟಿನ್ ಕೌನಿ. ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಆಸ್ಪತ್ರೆಗಳು ಕೈಬಿಡುತ್ತಿದ್ದ ಕಾಲದಲ್ಲಿ, ಬೆಚ್ಚಗಿನ ಗಾಜಿನ ಪೆಟ್ಟಿಗೆಗಳಲ್ಲಿ ಅವುಗಳನ್ನಿರಿಸಿ, ದಾದಿಯರನ್ನು ನೇಮಿಸಿ, ನೋಡಬಂದವರು ಕೊಟ್ಟ ಕಾಸಿನಿಂದಲೇ ಆ ಖರ್ಚನ್ನೆಲ್ಲ ಭರಿಸುತ್ತಿದ್ದ ಈತನು ತಂದೆತಾಯಿಗಳಿಂದ ಏನನ್ನೂ ಪಡೆಯುತ್ತಿರಲಿಲ್ಲ. ಲೂನಾದಲ್ಲೂ ಡ್ರೀಮ್‌ಲ್ಯಾಂಡಿನಲ್ಲೂ ಅವನ ಶಿಶುಗೃಹಗಳಿದ್ದವು. ತನ್ನ ಆಯುಷ್ಯದಲ್ಲಿ ಅವನು ಉಳಿಸಿದ ಮಕ್ಕಳ ಸಂಖ್ಯೆ ಸುಮಾರು 6,500 ಎಂದು ಹೇಳುತ್ತಾರೆ. ಆ ತೀರದ ಸಮಸ್ತ ವೈಭವದಲ್ಲಿ ನಾನು ತಲೆಬಾಗುವುದು ಈ ಗಾಜಿನ ಪೆಟ್ಟಿಗೆಗಳಿಗೆ.

ಜನರ ಒಲವು ಹೇಗೆ ಹಂಚಿಹೋಯಿತು? ಲೂನಾ ಪಾರ್ಕಿನ ಅಭಿಮಾನಿಯು ಈ ವರ್ಷ ಹೊಸದೇನೆಂದು ಕೇಳುತ್ತ ಬರುತ್ತಿದ್ದನು. ಅವನನ್ನು ತಣಿಸಲು ಥಾಂಪ್ಸನನು ಗಳಿಸಿದ್ದನ್ನೆಲ್ಲ ಮತ್ತೆ ಮತ್ತೆ ಸುರಿಯಬೇಕಾಯಿತು, ಹಾಗೆ ಸುರಿದು ಸುರಿದು 1912ರಲ್ಲಿ ದಿವಾಳಿಯಾದನು. ಸ್ಟೀಪಲ್‌ಚೇಸಿನ ಅಭಿಮಾನಿಯು ಹಳೆಯ ಕುದುರೆಯನ್ನೇ ಬಯಸಿ ಬರುತ್ತಿದ್ದನು. ಇಪ್ಪತ್ತೈದು ಸೆಂಟುಗಳ ಒಂದೇ ಟಿಕೆಟ್ಟಿನಲ್ಲಿ ಇಡೀ ದಿನವನ್ನು ಕಳೆದು, ಮುಂದೆ ಮಕ್ಕಳನ್ನೂ ಅದೇ ಕುದುರೆಯ ಮೇಲೆ ಕೂರಿಸಲು ಕರೆತರುತ್ತಿದ್ದನು. ಡ್ರೀಮ್‌ಲ್ಯಾಂಡನ್ನು ನೋಡಿ ಬೆರಗಾದವರು ಬಹುಮಂದಿ, ತಮ್ಮದೆಂದು ಹೇಳಿಕೊಂಡವರು ಕಡಮೆ. ಬೇರೊಬ್ಬನ ಕಲ್ಪನೆಯನ್ನು ಎರಡರಿಂದ ಗುಣಿಸಿದ ಮಾತ್ರಕ್ಕೆ ಅದು ಸ್ವಂತದ್ದಾಗಲಾರದಷ್ಟೆ. ಹಣಬಲವುಳ್ಳವನು ಸೋತು, ಊರಿನ ಮಗನು ಗೆದ್ದ ಈ ಸಂಗತಿಯಲ್ಲಿ ನನಗೆ ಬಚ್ಚಿಡಲಾಗದ ಸಂತೋಷವಿದೆ. 1911ರ ಹೊತ್ತಿಗೆ ಡ್ರೀಮ್‌ಲ್ಯಾಂಡಿನವರು ತಮ್ಮ ಕುರುಹಾಗಿದ್ದ ಬಿಳಿಯ ಬಣ್ಣವನ್ನೂ ಬಿಟ್ಟುಕೊಟ್ಟರು.

ಮರ ಮತ್ತು ಗಾರೆಯಿಂದ ಎದ್ದ ಈ ನಗರಗಳಿಗೆ ಬೆಂಕಿಯೇ ಯಮನಾಯಿತು. 1907ರ ಜುಲೈ 28ರಂದು ಸ್ಟೀಪಲ್‌ಚೇಸ್ ಸುಟ್ಟುಹೋಯಿತು. ಹೊಗೆಯಾಡುತ್ತಿದ್ದ ಭಗ್ನಾವಶೇಷಗಳನ್ನು ನೋಡಲು ಹತ್ತು ಸೆಂಟೆಂದು ಟಿಲ್ಯು ಫಲಕ ಹಾಕಿಸಿದನು, ಜನರು ಕೊಟ್ಟು ಬಂದರು. ಬಳಿಕ ಅವನು ಉಕ್ಕು ಮತ್ತು ಗಾಜಿನಿಂದ ವಿಶಾಲವಾದ ಮಂಟಪವನ್ನೆಬ್ಬಿಸಿ ತನ್ನ ಆಟಗಳನ್ನೆಲ್ಲ ಒಂದೇ ಛಾವಣಿಯ ಕೆಳಗೆ ತಂದನು. ಮಳೆ ಬಂದರೂ ನಗು ನಿಲ್ಲಬೇಕಾಗಿರಲಿಲ್ಲ. 1911ರ ಮೇ 27ರ ನಸುಕಿನಲ್ಲಿ, ಬೇಸಗೆಯ ಕಾಲವು ಆರಂಭವಾಗಬೇಕಾದ ದಿನವೇ, ಡ್ರೀಮ್‌ಲ್ಯಾಂಡಿನ ನರಕದ್ವಾರವೆಂಬ ಆಟದ ಸೋರಿಕೆಯನ್ನು ಮುಚ್ಚುತ್ತಿದ್ದ ಕೆಲಸಗಾರರ ಕಾದ ಡಾಂಬರಿಗೆ ಕಿಡಿ ತಾಗಿತು. ಬೆಳಗಾಗುವಷ್ಟರಲ್ಲಿ ಮಹಾಸ್ತಂಭವು ಕುಸಿದಿತ್ತು. ಕೌನಿಯ ಶಿಶುಗಳನ್ನು ಹೊರತಂದು ಉಳಿಸಿದರು. ಪಂಜರದ ಮೃಗಗಳಲ್ಲಿ ಅನೇಕವು ಸುಟ್ಟುಹೋದವು. ಕೇಸರಕ್ಕೆ ಬೆಂಕಿ ಹತ್ತಿ ಬೀದಿಗೆ ನುಗ್ಗಿದ ಬ್ಲ್ಯಾಕ್ ಪ್ರಿನ್ಸ್ ಎಂಬ ಸಿಂಹವನ್ನು ಪೋಲೀಸರು ಗುಂಡಿಟ್ಟು ಕೊಂದರು. ರೆನಾಲ್ಡ್ಸ್ ಮತ್ತೆ ಕಟ್ಟಲಿಲ್ಲ.

ಎದುರಾಳಿಯಳಿದ ಮೇಲೆ ಉಳಿದವರೂ ಹಿಂದಿನಂತಿರಲಿಲ್ಲ. 1920ರಲ್ಲಿ ಐದು ಸೆಂಟಿನ ಸಬ್‌ವೇ ರೈಲು ಕಡಲತೀರವನ್ನು ಮುಟ್ಟಿ ಜನಪ್ರವಾಹವೇನೋ ಉಕ್ಕಿತು, ಆದರೆ ಪರಸ್ಪರರನ್ನು ಕೆಣಕಿ ಹೊಸದನ್ನು ಹುಟ್ಟಿಸುತ್ತಿದ್ದ ಆ ಕಿಚ್ಚು ಮರಳಿ ಬರಲಿಲ್ಲ. ಲೂನಾ ಪಾರ್ಕ್ ಬೇರೆಯವರ ಕೈಸೇರಿ, 1944ರ ಆಗಸ್ಟಿನ ಬೆಂಕಿಗೆ ಸಿಕ್ಕಿತು. 1914ರಲ್ಲಿ ಟಿಲ್ಯು ತೀರಿಕೊಂಡ ಮೇಲೂ ಅವನ ಮಕ್ಕಳು ಸ್ಟೀಪಲ್‌ಚೇಸನ್ನು ಐವತ್ತು ವರ್ಷ ನಡೆಸಿ, 1964ರ ಸೆಪ್ಟೆಂಬರಿನಲ್ಲಿ ಮುಚ್ಚಿದರು. ಕೊಂಡುಕೊಂಡ ಫ್ರೆಡ್ ಟ್ರಂಪ್ 1966ರಲ್ಲಿ ಅತಿಥಿಗಳನ್ನು ಕರೆದು, ಗಾಜಿನ ಮಂಟಪದ ಮೇಲೆ ಇಟ್ಟಿಗೆಗಳನ್ನೆಸೆಯುವ ಸಮಾರಂಭವನ್ನೇರ್ಪಡಿಸಿ, ಅದನ್ನು ಕೆಡವಿಸಿದನು. ಮೂರು ತಲೆಮಾರುಗಳ ನಗುವನ್ನು ಕಂಡಿದ್ದ ಕಟ್ಟಡಕ್ಕೆ ಸಲ್ಲಬಾರದ ಅಪಮಾನವಿದು.

ಅಂದಿನಿಂದ ಅಭಿಮಾನಿಗಳು ಬರಿಯ ಪ್ರೇಕ್ಷಕರಾಗಿ ಉಳಿಯಲಿಲ್ಲ. ಡ್ರೀಮ್‌ಲ್ಯಾಂಡಿನ ನೆಲದಲ್ಲಿ 1957ರಿಂದ ನೆಲೆಗೊಂಡಿದ್ದ ನಗರದ ಮತ್ಸ್ಯಾಲಯವು 1970ರ ದಶಕದಲ್ಲಿ ತನ್ನ ವಿಸ್ತರಣೆಗಾಗಿ ನೆರೆಯ ಸೈಕ್ಲೋನ್ ಎಂಬ 1927ರ ಮರದ ರೋಲರ್ ಕೋಸ್ಟರನ್ನು ಕೆಡವಬಯಸಿದಾಗ, ಅದನ್ನು ಏರಿಳಿದು ಬೆಳೆದಿದ್ದವರು ಚಳವಳಿ ಹೂಡಿ ಅದನ್ನು ಉಳಿಸಿಕೊಂಡರು. ದುರಸ್ತಿಗೊಂಡ ಸೈಕ್ಲೋನ್ 1975ರಲ್ಲಿ ಮತ್ತೆ ಓಡತೊಡಗಿ, 1988ರಲ್ಲಿ ನಗರದ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿತು. ಸ್ಟೀಪಲ್‌ಚೇಸಿನ ಆವರಣದಲ್ಲಿ 1941ರಿಂದ ನಿಂತಿದ್ದ ಪ್ಯಾರಾಷೂಟ್ ಗೋಪುರವು 1989ರಲ್ಲಿ ಅದೇ ಪಟ್ಟಿಗೆ ಸೇರಿತು. 2010ರ ಮೇ ತಿಂಗಳಿನಲ್ಲಿ ಲೂನಾ ಪಾರ್ಕ್ ಎಂಬ ಹೆಸರಿನಲ್ಲಿಯೇ ಹೊಸ ಉದ್ಯಾನವೊಂದು ಅಲ್ಲಿ ಬಾಗಿಲು ತೆರೆಯಿತು. ಸೈಕ್ಲೋನನ್ನು ನಡೆಸುವ ಹೊಣೆ ಈಗ ಅದರದ್ದು.