ಎರಡು ಸಾವಿರ ಓಮ್‌ನಿಂದ ಮೂವತ್ತೆರಡು ಓಮ್‌ವರೆಗೆ

ಹೆಡ್‌ಫೋನ್ ಕೊಂಡಾಗ ಅದರ ಪೆಟ್ಟಿಗೆಯ ಮೇಲೆ ಒಂದು ಅಂಕಿ ಇರುತ್ತದೆ: 32 ಓಮ್. ಕೆಲವದರ ಮೇಲೆ 80 ಅಥವಾ 250, ಮತ್ತೆ ಕೆಲವದರ ಮೇಲೆ 600. ಬಣ್ಣ, ಬೆಲೆ, ಕಂಪನಿಯ ಹೆಸರು ಎಲ್ಲವನ್ನೂ ನೋಡುವ ನಾವು ಈ ಅಂಕಿಯನ್ನು ಮಾತ್ರ ಓದುವುದಿಲ್ಲ. ಆದರೆ ಹೆಡ್‌ಫೋನಿಗೂ ಅದನ್ನು ನುಡಿಸುವ ಆಂಪ್ಲಿಫೈಯರಿಗೂ ಹೊಂದಿಕೆಯಾಗುತ್ತದೆಯೇ ಎಂಬುದನ್ನು ಬಹುಮಟ್ಟಿಗೆ ಹೇಳುವುದು ಅದೇ. ಪರ್ಯಾಯ ವಿದ್ಯುತ್ತಿಗೆ ಹೆಡ್‌ಫೋನಿನ ಸುರುಳಿ ಒಡ್ಡುವ ತಡೆಯನ್ನು ಇಂಪೀಡೆನ್ಸ್ ಎನ್ನುತ್ತೇವೆ. ಓಮ್‌ಗಳಲ್ಲಿ ಬರೆದಿರುವುದು ಅದನ್ನೇ. ಈ ಅಂಕಿಗಳು ಮನಸ್ಸಿಗೆ ಬಂದಂತೆ ಬರೆದವಲ್ಲ. ಒಂದೊಂದರ ಹಿಂದೆಯೂ ಒಂದೊಂದು ಕಾಲದ ಯಂತ್ರವಿದೆ.

1910ರಲ್ಲಿ ಅಮೆರಿಕದ ಯೂಟಾ ರಾಜ್ಯದ ನ್ಯಾಥನಿಯಲ್ ಬಾಲ್ಡ್‌ವಿನ್ ತನ್ನ ಮನೆಯ ಅಡುಗೆಮನೆಯಲ್ಲಿ ತಯಾರಿಸಿದ ಹೆಡ್‌ಫೋನನ್ನು ಪರೀಕ್ಷೆಗೆಂದು ಅಲ್ಲಿನ ನೌಕಾಪಡೆಗೆ ಕಳಿಸಿದ. ಅಧಿಕಾರಿಗಳು ಅರೆಮನಸ್ಸಿನಿಂದಲೇ ಕಿವಿಗಿಟ್ಟು ನೋಡಿ ಬೆರಗಾದರು, ಬೇಕೆಂದು ಬರೆದರು. ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಮಾಡಿಕೊಡಲಾರೆ ಎಂಬ ಉತ್ತರ ಬಂತು. ಅಡುಗೆಮನೆ ಅಷ್ಟೇ ದೊಡ್ಡದಿದ್ದಿರಬೇಕು!

ಆ ದಿನಗಳ ಸರಳ ರೇಡಿಯೊದಲ್ಲಿ ಆಂಪ್ಲಿಫೈಯರ್ ಎಂಬುದೇ ಇರಲಿಲ್ಲ. ಗಲೀನಾ ಎಂಬ ಸೀಸದ ಅದಿರಿನ ಹರಳಿಗೆ ತಂತಿಯ ಮೊನೆ ತಾಗಿಸಿ ಅಲೆಗಳನ್ನು ಹಿಡಿಯುತ್ತಿದ್ದರು. ಇಂಥ ಹರಳು ಶೋಧಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ನಮ್ಮ ಜಗದೀಶ ಚಂದ್ರ ಬೋಸರು. ಕಿವಿಗೆ ಬರುತ್ತಿದ್ದ ಶಕ್ತಿಯೆಲ್ಲ ಆಂಟೆನಾ ಗಾಳಿಯಿಂದ ಹಿಡಿದ ಶಕ್ತಿಯೇ. ಅದರಲ್ಲಿ ಒಂದು ಕಣವೂ ವ್ಯರ್ಥವಾಗುವಂತಿರಲಿಲ್ಲ. ಹರಳಿನಿಂದ ಹರಿಯುವ ವಿದ್ಯುತ್ತು ಅತ್ಯಲ್ಪ. ಅಷ್ಟರಿಂದಲೇ ಲೋಹದ ತೆಳು ತಗಡು ಅಲುಗಾಡಬೇಕಾದರೆ ಸುರುಳಿಗೆ ಸಾವಿರಾರು ಸುತ್ತು ಬೇಕು. ಕೂದಲಿನಂಥ ತಂತಿಯೇ ಬೇಕು. ಹೀಗೆ ಕಿವಿಗೆ ಸಾವಿರ ಓಮ್, ಎರಡು ಕಿವಿಗೆ ಸೇರಿ ಎರಡು ಸಾವಿರ ಓಮ್‌ನ ಹೆಡ್‌ಫೋನ್ ವಾಡಿಕೆಗೆ ಬಂತು. ಆಕರದ ತಡೆಗೆ ಸಮನಾದ ತಡೆಯನ್ನು ಜೋಡಿಸಿದರೆ ಗರಿಷ್ಠ ಶಕ್ತಿ ವರ್ಗವಾಗುತ್ತದೆ ಎಂದು ನಿಮ್ಮ ಭೌತಶಾಸ್ತ್ರದ ಪುಸ್ತಕ ಹೇಳುತ್ತದಲ್ಲ, ಆ ಮಾತಿನ ನಿಜವಾದ ಮನೆ ಇದು. ನಿರ್ವಾತ ನಳಿಕೆಗಳು ಬಂದ ಮೇಲೂ ಅವುಗಳ ತಡೆ ಸಾವಿರಾರು ಓಮ್ ಇದ್ದುದರಿಂದ ಹಳೆಯ ಜೋಡಿ ಮುರಿಯಲಿಲ್ಲ.

1937ರಲ್ಲಿ ಬರ್ಲಿನ್ನಿನ ಬೇಯರ್ ಕಂಪನಿ ಡಿಟಿ 48 ಎಂಬ ಹೆಡ್‌ಫೋನನ್ನು ಹೊರತಂದಿತು. ಇದರಲ್ಲಿ ಸುರುಳಿಯೇ ಅಲುಗುತ್ತದೆ, ಕಾಂತ ನಿಶ್ಚಲ. ಅಲುಗಬೇಕಾದ ಸುರುಳಿ ಹಗುರವಾಗಿರಬೇಕು, ಅಂದರೆ ಸುತ್ತುಗಳು ಕಡಿಮೆ, ಓಮ್ ಕೂಡ ಕಡಿಮೆ. ಇಂದಿನ ಹೆಡ್‌ಫೋನುಗಳಲ್ಲಿ ಬಹುಪಾಲು ಇದರ ಸಂತತಿಯೇ.

1958ರಲ್ಲಿ ಅಮೆರಿಕದ ಜಾನ್ ಕಾಸ್ ಸ್ಟೀರಿಯೊ ಹೆಡ್‌ಫೋನನ್ನು ಮನೆಮನೆಯ ವಸ್ತುವಾಗಿಸಲು ಹೊರಟ. ಆಗ ಹೊಸದೊಂದು ತೊಡಕು ಎದುರಾಯಿತು. ಮನೆಯ ಆಂಪ್ಲಿಫೈಯರ್ ಇದ್ದುದು ಸ್ಪೀಕರಿಗಾಗಿ, ಹತ್ತಾರು ವಾಟ್ ಶಕ್ತಿಯದು. ಹೆಡ್‌ಫೋನಿಗೆ ಕೆಲವು ಮಿಲಿವಾಟ್ ಸಾಕು. ತಯಾರಕರು ಸುಲಭದ ದಾರಿ ಹಿಡಿದರು: ಸ್ಪೀಕರಿನ ತಂತಿಗೆ ಅಡ್ಡಲಾಗಿ ನೂರಾರು ಓಮ್‌ನ ಒಂದು ರೆಸಿಸ್ಟರ್ ಕೂಡಿಸಿ ಹೆಡ್‌ಫೋನಿನ ಸಾಕೆಟ್ ಮಾಡಿದರು. ಮುಂದೆ ಅಂತಾರಾಷ್ಟ್ರೀಯ ಮಾನಕವೂ 120 ಓಮ್ ಎಂದೇ ಬರೆಯಿತು. 1968ರ ಸೆನ್‌ಹೈಸರ್ ಎಚ್‌ಡಿ 414 ಎರಡು ಸಾವಿರ ಓಮ್‌ನದು, ಸ್ಟುಡಿಯೊಗಳ ಎಕೆಜಿ ಕೆ 240 ಆಗ 600 ಓಮ್‌ನದು. ಇಂಥವಕ್ಕೆ 120 ಓಮ್ ಲೆಕ್ಕಕ್ಕೇ ಇಲ್ಲ.

ಎಲ್ಲ ತಲೆಕೆಳಗಾದದ್ದು 1979ರಲ್ಲಿ. ಆ ವರ್ಷದ ಜುಲೈ 1ರಂದು ಸೋನಿಯ ವಾಕ್‌ಮನ್ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಎರಡು ಸೆಲ್, ಒಟ್ಟು 3 ವೋಲ್ಟ್. ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. 3 ವೋಲ್ಟಿನಿಂದ ಹೆಚ್ಚೆಂದರೆ ಸುಮಾರು 1 ವೋಲ್ಟಿನ ಪರ್ಯಾಯ ಸಂಕೇತ ಸಿಗುತ್ತದೆ. ವೋಲ್ಟಿನ ವರ್ಗವನ್ನು ಓಮ್‌ನಿಂದ ಭಾಗಿಸಿ: 32 ಓಮ್ ಆದರೆ 31 ಮಿಲಿವಾಟ್, 600 ಓಮ್ ಆದರೆ 1.7, ಎರಡು ಸಾವಿರವಾದರೆ ಬರೀ ಅರ್ಧ ಮಿಲಿವಾಟ್. ಜೇಬಿನ ಯಂತ್ರಕ್ಕೆ ಕಡಿಮೆ ಓಮ್‌ನ ಹೆಡ್‌ಫೋನೇ ಗತಿ. ಈಗಲೂ 600 ಓಮ್‌ನದನ್ನು ಫೋನಿಗೆ ಚುಚ್ಚಿ "ಸದ್ದೇ ಬರುವುದಿಲ್ಲ" ಎಂದು ದೂರುವವರಿದ್ದಾರೆ. ತಪ್ಪು ಹೆಡ್‌ಫೋನಿನದಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇದರ ವಿರುದ್ಧ ದಿಕ್ಕಿನದು: ಹೊಸ 32 ಓಮ್ ಹೆಡ್‌ಫೋನನ್ನು ಹಳೆಯ 120 ಓಮ್ ಸಾಕೆಟ್ಟಿಗೆ ಹಾಕುವುದು. 32 ಓಮ್ ಎನ್ನುವುದು ಒಂದೇ ಕಂಪನಾಂಕದಲ್ಲಿ ಅಳೆದದ್ದು. ಮಂದ್ರ ಸ್ವರಗಳ ಕಡೆ, ಪೊರೆಯ ಅನುರಣನೆಯ ಜಾಗದಲ್ಲಿ, ಅದು 80ಕ್ಕೆ ಏರಿತೆನ್ನಿ. ಸಾಮಾನ್ಯ ಸ್ವರಕ್ಕೆ ವೋಲ್ಟೇಜಿನ ಶೇಕಡ 21 ಭಾಗ ಹೆಡ್‌ಫೋನಿಗೆ ಬಂದರೆ ಮಂದ್ರಕ್ಕೆ ಶೇಕಡ 40 ಬರುತ್ತದೆ. ಅಂದರೆ ಮೃದಂಗದ ಎಡಭಾಗ ಐದೂವರೆ ಡೆಸಿಬಲ್‌ನಷ್ಟು ಉಬ್ಬುತ್ತದೆ. ಅದೇ ಸಾಕೆಟ್ಟಿನ ತಡೆ 2 ಓಮ್ ಆಗಿದ್ದರೆ ವ್ಯತ್ಯಾಸ ಅರ್ಧ ಡೆಸಿಬಲ್ ಕೂಡ ಇಲ್ಲ. ಆಂಪ್ಲಿಫೈಯರಿನ ತಡೆ ಹೆಡ್‌ಫೋನಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎಂಬ ಇಂದಿನ ಸೂತ್ರ ಹುಟ್ಟಿದ್ದು ಇದರಿಂದ. ಸಮ ತಡೆಗೆ ಸಮ ತಡೆ ಎಂಬ ಹರಳು ರೇಡಿಯೊದ ನಿಯಮ ಇಲ್ಲಿ ನಡೆಯುವುದಿಲ್ಲ. ಆಂಪ್ಲಿಫೈಯರಿನಲ್ಲಿ ಶಕ್ತಿಗೆ ಬಡತನವಿಲ್ಲ. ನಮಗೆ ಬೇಕಾದದ್ದು ಅಲುಗದ ವೋಲ್ಟೇಜು.

ಬರೀ ಕೇಳುವವರಿಗೆ ಉಬ್ಬಿದ ಮಂದ್ರ ಹಿತವಾಗಿಯೇ ಇರಬಹುದು. ಧ್ವನಿಮುದ್ರಣ ಮಾಡುವವರಿಗೆ ಅದು ಮೋಸ. 1979ರಲ್ಲೇ ಟಿಯಾಕ್ ಕಂಪನಿ ಕ್ಯಾಸೆಟ್ಟಿನಲ್ಲಿ ನಾಲ್ಕು ಹಾದಿಗಳನ್ನು ಮುದ್ರಿಸುವ ಪೋರ್ಟಾಸ್ಟುಡಿಯೊ ತಂದು, ಮನೆಯ ಕೋಣೆಯನ್ನೇ ಸ್ಟುಡಿಯೊ ಮಾಡಿತು. ಅಲ್ಲಿ ಹೆಡ್‌ಫೋನೇ ತೀರ್ಪುಗಾರ. ಮಂದ್ರ ಹೆಚ್ಚಾಯಿತೆಂದು ನೀವು ತಗ್ಗಿಸಿದ ಹಾಡು ಬೇರೆಯವರ ಸ್ಪೀಕರಿನಲ್ಲಿ ತೆಳ್ಳಗೆ, ಪೇಲವವಾಗಿ ಕೇಳುತ್ತದೆ. ಇನ್ನೊಂದು ವಿಷಯ: ಹಾಡುವಾಗ ಕಿವಿ ಮುಚ್ಚುವ ಹೆಡ್‌ಫೋನೇ ಇರಲಿ. ಎಚ್‌ಡಿ 414ರಂಥ ತೆರೆದ ಮಾದರಿಯಿಂದ ಸೋರಿದ ಶ್ರುತಿ, ತಾಳ ನೇರವಾಗಿ ಮೈಕಿಗೆ ಸೇರುತ್ತದೆ. ನಮ್ಮ ಸ್ಟುಡಿಯೊಗಳಲ್ಲಿ ನಿರೂಪಕರ ಕಿವಿಯ ಸೂಚನೆ ಮನೆಮನೆಗೆ ಕೇಳಿಸಬಾರದೆಂದು ಪಡುವ ಪಾಡು ಇದೇ.

ಓಮ್‌ನ ಪಕ್ಕದಲ್ಲೇ ಸಂವೇದನೆಯ ಅಂಕಿಯೂ ಇರುತ್ತದೆ: ಒಂದು ಮಿಲಿವಾಟಿಗೆ ಎಷ್ಟು ಡೆಸಿಬಲ್ ಎಂದು. 100 ಎಂದು ಬರೆದ 32 ಓಮ್ ಹೆಡ್‌ಫೋನಿಗೆ ಮೇಲೆ ಹೇಳಿದ 31 ಮಿಲಿವಾಟ್ ಕೊಟ್ಟರೆ ಸದ್ದು 115 ಡೆಸಿಬಲ್ ಮುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸುರಕ್ಷಿತವೆನ್ನುವುದು ವಾರಕ್ಕೆ 40 ಗಂಟೆ, ಅದೂ 80 ಡೆಸಿಬಲ್‌ನಲ್ಲಿ. 90 ಆದರೆ ವಾರಕ್ಕೆ ನಾಲ್ಕೇ ಗಂಟೆ. ಒಳಕಿವಿಯ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಜೋಡಿ ಸರಿಯಿದ್ದಷ್ಟೂ ಗುಂಡಿಯ ಮೇಲಿನ ಬೆರಳು ಹಗುರವಾಗಿರಬೇಕು.

2016ರಲ್ಲಿ ಆಪಲ್ ತನ್ನ ಐಫೋನ್ 7ರಿಂದ ಹೆಡ್‌ಫೋನಿನ ಸಾಕೆಟ್ಟನ್ನೇ ತೆಗೆದುಹಾಕಿತು. ಅನೇಕರು ಅದನ್ನೇ ಅನುಸರಿಸಿದರು. ತಂತಿಯಿಲ್ಲದ ಹೆಡ್‌ಫೋನಿನ ಹೊಟ್ಟೆಯಲ್ಲೇ ಆಂಪ್ಲಿಫೈಯರ್ ಇರುವುದರಿಂದ ಜೋಡಿ ಕೂಡಿಸುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಆದರೆ ಬ್ಲೂಟೂತ್ ಧ್ವನಿ ಕಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ತಡವಾಗಿರುತ್ತದೆ. ಅಷ್ಟು ತಡವಾಗಿ ಬಂದ ತಾಳಕ್ಕೆ ಹಾಡಲಾಗದು. ಆದ್ದರಿಂದ ಮನೆಯಲ್ಲಿ ಮುದ್ರಿಸುವವರ ಮೇಜಿನ ಮೇಲೆ ತಂತಿಯೂ ಓಮ್‌ನ ಲೆಕ್ಕವೂ ಇನ್ನೂ ಉಳಿದುಕೊಂಡಿವೆ.