ಹೊಳೆ ಇಳಿದ ಮೇಲಿನ ಚಳಿಗಾಲ

ಉತ್ತರ ಕರ್ನಾಟಕದ ಬಯಲುಸೀಮೆ ಬರದ ನೆನಪುಳ್ಳ ನಾಡು. 1791–92ರ ಕ್ಷಾಮವನ್ನು ಅಲ್ಲಿಯ ಜನ ತಲೆಬುರುಡೆಗಳ ಹೆಸರಿನಿಂದ ‘ಡೋಗಿ ಬರ’ವೆಂದು ಕರೆದು ತಲೆಮಾರುಗಳವರೆಗೆ ಮರೆಯದೆ ಉಳಿಸಿಕೊಂಡರು. ಅದೇ ಸೀಮೆಯಲ್ಲಿ ಹರಿಯುವ ಮಲಪ್ರಭೆಯ ದಂಡೆಗೆ 2009ರಲ್ಲಿಯೂ 2019ರಲ್ಲಿಯೂ ಬಂದ ಮಹಾಪೂರಗಳಿಗಾದರೋ ಇಸವಿಯೇ ಹೆಸರು.

2009ರದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಳೆ. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2019ರದು ಆಗಸ್ಟ್ ತಿಂಗಳಿನದು. ಹೆಣ್ಣುಮಕ್ಕಳು ತವರಿಗೆ ಬಂದಿದ್ದ ಪಂಚಮಿಯ ವಾರದಲ್ಲಿಯೇ ಘಟ್ಟದ ಮಳೆಗೆ ನವಿಲುತೀರ್ಥದ ಅಣೆಕಟ್ಟು ತುಂಬಿ, ಬಿಟ್ಟ ನೀರು ಊರುಗಳಿಗೆ ನುಗ್ಗಿತು. ವರ್ಷಗಟ್ಟಲೆ ತುಂಬಿ ಹರಿಯದ ಹೊಳೆಯ ಪಾತ್ರದಲ್ಲಿ ಜಾಲಿ ಬೆಳೆದಿತ್ತು, ಉಳುಮೆಯೂ ನಡೆದಿತ್ತು. ಪಟ್ಟದಕಲ್ಲಿನ ಚಾಲುಕ್ಯ ಗುಡಿಗಳ ಸುತ್ತ ನೀರು ನಿಂತ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದೆವು. ನೀರು ಇಳಿಯಿತು, ಚಿತ್ರಗಳೂ ನಿಂತವು.

ಆದರೆ ನೆರೆಯ ನಿಜವಾದ ಲೆಕ್ಕ ಹತ್ತುವುದು ಚಳಿಗಾಲದಲ್ಲಿ. ಮಣ್ಣಿನ ಗೋಡೆ ನೀರಲ್ಲಿ ನಿಂತಾಗಲೇ ಬೀಳಬೇಕೆಂದಿಲ್ಲ. ಬಿಸಿಲಿಗೆ ಒಣಗುತ್ತ ಬಿರಿದು, ಅಪಾಯ ಕಳೆಯಿತೆಂದು ಜನ ಒಳಗೆ ಮಲಗಿದ ಮೇಲೂ ಕುಸಿದೀತು. ಥಂಡಿ ಬಂದಾಗ ಕೌದಿ ಬೇಕು. ಕೌದಿ ಹೊಲಿಯಲು ಹಳೆಯ ಸೀರೆ ಬೇಕು. ನೀರು ಹೊಕ್ಕ ಮನೆಯಲ್ಲಿ ಹಳೆಯ ಸೀರೆ ಎಲ್ಲಿಂದ ಬರಬೇಕು? ದಾನವಾಗಿ ಬಂದ ಹೊಸ ಕಂಬಳಿ ಮೈ ಬೆಚ್ಚಗಿಟ್ಟೀತು, ಅಜ್ಜಿಯ ಸೀರೆಯ ತುಂಡನ್ನು ಮೊಮ್ಮಗನಿಗೆ ಹೊದಿಸಲಾರದು. ದನಗಳ ಪಾಡು ಇನ್ನೂ ಕಠಿಣ: ಬಣವೆಯೊಂದು ಕೊಚ್ಚಿಹೋದರೆ ಹೊಸ ಜೋಳದ ಕಣಿಕೆ ಕೈಗೆ ಬರುವವರೆಗೆ ಎತ್ತಿಗೆ ಹಾಕಲು ಏನೂ ಇಲ್ಲ.

ಆ ಜೋಳದ ಮೇಲೆಯೇ ಎಲ್ಲ ನಿಂತಿದೆ. ಪಟ್ಟಣದ ಓದುಗರಿಗೆ ಚಳಿಗಾಲವೆಂದರೆ ಸ್ವೆಟರು. ಎರೆಹೊಲದ ಒಕ್ಕಲಿಗನಿಗೆ ಅದು ಹಿಂಗಾರಿ. ಎರೆಮಣ್ಣು ಮಳೆಯ ಹಸಿಯನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಲ್ಲುವ ಹೊತ್ತಿಗೆ ಕೂರಿಗೆ ಹೂಡಿ ಬಿತ್ತಿದ ಬಿಳಿಜೋಳ ಮುಂದೆ ಒಂದು ಹನಿ ಬೀಳದಿದ್ದರೂ ಆ ಹಸಿಯನ್ನೂ ಇಬ್ಬನಿಯನ್ನೂ ನಂಬಿ ತೆನೆಗಟ್ಟುತ್ತದೆ. ಕೆಡಿಸಿದ ನೀರೇ ಹೊಲವನ್ನು ಬದುಕಿಸಬೇಕು. ಉಸುಕು ಕವಿದ ಹೊಲಕ್ಕೂ ಮೇಲ್ಮಣ್ಣು ಕಿತ್ತುಹೋದ ಹೊಲಕ್ಕೂ ಈ ಭಾಗ್ಯವಿಲ್ಲವೆಂಬುದು ಬೇರೆ ಮಾತು. 2019ರಲ್ಲಿ ಅಕ್ಟೋಬರ್‌ನಲ್ಲೂ ಹೊಳೆ ಮತ್ತೆ ಏರಿತು. ಜೋಳದ ಹದ ತಪ್ಪಿದ ಹೊಲಕ್ಕೆ ಉಳಿಯುವುದು ಕಡಲೆ. ಕಡಲೆ ರೊಕ್ಕ ತರುತ್ತದೆ, ನಿಜ; ಆದರೆ ರೊಟ್ಟಿಯನ್ನೂ ಕಣಿಕೆಯನ್ನೂ ಕೊಡುವುದಿಲ್ಲ.

2009ರ ನೆರೆಯ ನಂತರ ಸರಕಾರವೂ ದಾನಿಗಳೂ ಕೂಡಿ ಎತ್ತರದ ನೆಲದಲ್ಲಿ ‘ಆಸರೆ’ ಮನೆಗಳನ್ನು ಕಟ್ಟಿಸಿದರು. ಸದುದ್ದೇಶದ ಕೆಲಸವೇ. ಆದರೆ ಎಷ್ಟೋ ಮನೆಗಳು ಖಾಲಿ ಉಳಿದು, ಜನ ಹೊಳೆದಂಡೆಗೆ ಮರಳಿದರು. ಹತ್ತು ವರ್ಷದ ಮೇಲೆ ಅವರನ್ನು ಮತ್ತೆ ನೀರು ಅಟ್ಟಿತು. ಹಟಮಾರಿಗಳೆಂದು ಅವರನ್ನು ಜರಿದವರುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಪುಟ್ಟ ಮನೆಗಳಲ್ಲಿ ದನ ಕಟ್ಟಲು ಜಾಗವಿಲ್ಲ, ಬಣವೆ ಒಟ್ಟಲು ಹಿತ್ತಲಿಲ್ಲ, ಹೊಲವೋ ದೂರ. ನಕ್ಷೆ ಬರೆದವರು ನೆರೆಯ ನಾಲ್ಕು ದಿನವನ್ನು ಕಂಡರು, ಹಿಂಗಾರಿಯ ನಾಲ್ಕು ತಿಂಗಳನ್ನು ಕಾಣಲಿಲ್ಲ.

2019ರ ಎಳ್ಳಮಾವಾಸ್ಯೆ ಡಿಸೆಂಬರ್ ಕೊನೆಯ ವಾರದಲ್ಲಿ, ಸೂರ್ಯಗ್ರಹಣದೊಡನೆ ಬಂತು. ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬೆಳೆಗೆ ಚರಗ ಚೆಲ್ಲುವ ಹಬ್ಬವದು. ಬಸಿರಾದ ಭೂಮಿಗೆ ಬಯಕೆಯ ಊಟವೆನ್ನುತ್ತಾರೆ. ಅದಾದ ಎರಡು ವಾರಕ್ಕೆ, 2020ರ ಜನವರಿ 10ರ ಹುಣ್ಣಿಮೆಗೆ, ಬಾದಾಮಿಯ ಬಳಿ ಬನಶಂಕರಿಯ ಜಾತ್ರೆ. ನಾಟಕದ ಕಂಪನಿಗಳಿಗೆ ಹೆಸರಾದ ಈ ಜಾತ್ರೆ ಇನ್ನೊಂದಕ್ಕೂ ಹೆಸರುವಾಸಿ: ಕೆತ್ತನೆಯ ಕಟ್ಟಿಗೆಯ ಬಾಗಿಲು, ಚೌಕಟ್ಟುಗಳು ಅಲ್ಲಿ ಸಾಲುಸಾಲಾಗಿ ಮಾರಾಟಕ್ಕೆ ನಿಲ್ಲುತ್ತವೆ. ಮನೆ ಕಟ್ಟುವವರು ಬಾಗಿಲನ್ನು ಅಲ್ಲಿಂದಲೇ ಒಯ್ಯುವುದು ಆ ಸೀಮೆಯ ಹಳೆಯ ರೂಢಿ.